ಪ್ಲಸ್ ಟು ಮುಗಿಯಿತು. ಒಂದು ವರ್ಷ ಓದು ಬಿಟ್ಟು ತಿರುಗಾಡಬೇಕು ಅಂತ ಆಸೆ. ಅಪ್ಪನಿಗೆ ಹೇಗೆ ಹೇಳಲಿ?

ಮುಳ್ಳೇರಿಯದ ಹುಡುಗಿ
ಜೂನ್ 16, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನನಗೆ 18 ವರ್ಷ. ಮನೆ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಸ್ವಲ್ಪ ಒಳಗೆ. ಹತ್ತರವರೆಗೆ ಕನ್ನಡ ಮಾಧ್ಯಮ, ಆಮೇಲೆ ಪ್ಲಸ್ ಟು ಸೈನ್ಸ್. ಮೊನ್ನೆ ನೀಟ್ ಫಲಿತಾಂಶ ಬಂತು. ನನಗೆ ಡಾಕ್ಟರ್ ಆಗುವ ಆಸೆ ಯಾವತ್ತೂ ಇರಲಿಲ್ಲ. ಬೇಕಾಗಿದ್ದು ಬಿಎಸ್‌ಸಿ ಅಗ್ರಿ. ಕೇರಳದಲ್ಲಿ ಅದಕ್ಕೂ ನೀಟ್ ಅಂಕವೇ ಬೇಕು. ಪಡನ್ನಕ್ಕಾಡಿನ ಕೃಷಿ ಕಾಲೇಜು ನಮ್ಮದೇ ಜಿಲ್ಲೆಯಲ್ಲಿದೆ ಅಂತ ಎರಡು ವರ್ಷ ಅದನ್ನೇ ನೆನೆಸಿಕೊಂಡು ಓದಿದೆ. ಈ ಅಂಕಕ್ಕೆ ಅದು ಸಿಗುವುದಿಲ್ಲ.

ಮನೆಯಲ್ಲಿ ಈಗ ಎರಡೇ ಮಾತು. ಹಾಸ್ಟೆಲಿಗೆ ಹೋಗಿ ಒಂದು ವರ್ಷ ರಿಪೀಟ್ ಕೋಚಿಂಗ್ ಮಾಡು, ಇಲ್ಲದಿದ್ದರೆ ಸಿಕ್ಕಿದ ಡಿಗ್ರಿಗೆ ಸೇರು. ನನ್ನ ಮನಸ್ಸಿನಲ್ಲಿ ಮೂರನೆಯದು ಒಂದಿದೆ. ಈ ವರ್ಷ ಎಲ್ಲಿಗೂ ಸೇರದೆ, ಸ್ವಲ್ಪ ಸಮಯ ಮನೆಯಲ್ಲಿದ್ದು, ಉಳಿದ ಸಮಯ ಊರು ನೋಡಬೇಕು. ಪಕ್ಕದ ಮನೆ ಮಕ್ಕಳಿಗೆ ಟ್ಯೂಷನ್ ಹೇಳಿ, ಸ್ಕಾಲರ್‌ಶಿಪ್ ಹಣ ಸೇರಿಸಿ 42 ಸಾವಿರ ಇಟ್ಟಿದ್ದೇನೆ. ಅದನ್ನು ಯಾರಿಂದಲೂ ಕೇಳಬೇಕಾಗಿಲ್ಲ.

ಮಂಗಳೂರು ಬಿಟ್ಟರೆ ನಾನು ದೂರ ಹೋದದ್ದು ಒಂದೇ ಸಲ. ಶಾಲಾ ಮಕ್ಕಳ ರಾಜ್ಯ ಕಲೋತ್ಸವದ ಸ್ಪರ್ಧೆಯಲ್ಲಿ ಕನ್ನಡ ಪದ್ಯ ಹೇಳಲು ತಿರುವನಂತಪುರಕ್ಕೆ. ರಾತ್ರಿ ಶೊರ್ನೂರಿನಲ್ಲಿ ರೈಲು ತುಂಬಾ ಹೊತ್ತು ನಿಂತಿತ್ತು. ಎಲ್ಲರೂ ಮಲಗಿದ್ದರು. ನಾನು ಕಿಟಕಿ ಹತ್ತಿರ ಕೂತು, ಮೈಕಿನಲ್ಲಿ ಹೇಳುತ್ತಿದ್ದ ರೈಲುಗಳ ಹೆಸರು ಕೇಳುತ್ತಿದ್ದೆ. ನಿಜಾಮುದ್ದೀನ್, ಚೆನ್ನೈ, ಮುಂಬೈ. ಈ ರೈಲುಗಳು ದಿನಾ ಹೋಗುತ್ತವೆ, ನಾನು ಮಾತ್ರ ಹೋಗಲಿಲ್ಲ ಅಂತ ಅನಿಸಿತು. ಮರುದಿನ ಸ್ಪರ್ಧೆಯ ಜಾಗದಲ್ಲಿ ಬೇರೆ ಜಿಲ್ಲೆಯ ಹುಡುಗಿಯೊಬ್ಬಳು ಮಲಯಾಳದಲ್ಲಿ ಕೇಳಿದಳು: "ನೀನು ಕೇರಳದವಳೇ ಅಲ್ವಾ, ಮತ್ತೆ ಯಾಕೆ ಕನ್ನಡ?" ನನಗೆ ಸರಿಯಾದ ಉತ್ತರ ಹೇಳಲು ಆಗಲಿಲ್ಲ. ಅದು ಈಗಲೂ ಮನಸ್ಸಿನಲ್ಲಿ ಕೂತಿದೆ.

ಅಮ್ಮನಿಗೆ ಹೇಳಿದೆ. ಅವರು ಅಪ್ಪನ ಕಡೆ ನೋಡಿದರು. ಅಪ್ಪ ಹೇಳಿದ್ದು ಒಂದೇ ಮಾತು. "ಒಂದು ವರ್ಷ ಹಾಳಾದರೆ ಅದನ್ನು ಯಾರು ತಂದು ಕೊಡ್ತಾರೆ?" ಅವರು ಕೋಪದಲ್ಲಿ ಹೇಳಲಿಲ್ಲ. ಅದಕ್ಕೇ ನನಗೆ ಜಾಸ್ತಿ ಬೇಜಾರು. ದಯವಿಟ್ಟು ಹೇಳಿ, ನಾನು ಕೇಳುತ್ತಿರುವುದು ತಪ್ಪಾ?


ಬಾಯಾರಿನ ತೋಟದವ
ಜೂನ್ 16, ರಾತ್ರಿ 10:05

ಮಗಳೇ, ನಿನ್ನ ಅಪ್ಪನ ಜಾಗದಲ್ಲಿ ನಿಂತು ಹೇಳುತ್ತೇನೆ. ನನಗೂ ಇಬ್ಬರು ಹೆಣ್ಣುಮಕ್ಕಳು. ಓದುವ ಅಭ್ಯಾಸ ಒಮ್ಮೆ ಬಿಟ್ಟುಹೋದರೆ ಮತ್ತೆ ಕೂರುವುದು ಕಷ್ಟ. ನನ್ನ ತಮ್ಮ ಪಿಯುಸಿ ಆದಮೇಲೆ ಒಂದು ವರ್ಷ ಮನೆಯಲ್ಲಿರುತ್ತೇನೆ ಅಂದ. ಆ ಒಂದು ವರ್ಷ ಇವತ್ತಿಗೂ ಮುಗಿಯಲಿಲ್ಲ. ತೋಟದಲ್ಲಿ ಚೆನ್ನಾಗಿಯೇ ಇದ್ದಾನೆ. ಆದರೆ ಅವನಿಗೆ ಇಂಜಿನಿಯರ್ ಆಗಬೇಕಿತ್ತು.

ಇನ್ನೊಂದು ವಿಷಯ. ಈಗ ಮಳೆ ಹಿಡಿದಿದೆ. ಅಡಿಕೆಗೆ ಮದ್ದು ಬಿಡುವ ಜನ ಸಿಗುವುದಿಲ್ಲ. ಮದ್ದಿಗೆ ಸುಣ್ಣದ ಜೊತೆ ಕಲಸುವ ಮೈಲುತುತ್ತಿನ ಬೆಲೆ ನಿನಗೇ ಗೊತ್ತಿರಬಹುದು. ಕೊಳೆರೋಗ ಬಂದರೆ ಆ ವರ್ಷದ ಲೆಕ್ಕ ಅಲ್ಲಿಗೇ ಮುಗಿಯಿತು. ಅಪ್ಪನ ತಲೆಯಲ್ಲಿ ಇದೆಲ್ಲ ಓಡುತ್ತಿರುವಾಗ ನೀನು ತಿರುಗಾಟದ ಮಾತು ತಂದಿದ್ದೀಯಾ. ತಪ್ಪು ಅಂತ ಹೇಳುವುದಿಲ್ಲ. ಹೊತ್ತು ನೋಡಿ ಮಾತಾಡು.


ರಿಪೀಟರ್ ಆಗಿದ್ದವಳು, ಕಾಸರಗೋಡು
ಜೂನ್ 16, ರಾತ್ರಿ 11:48

ತಂಗಿ, ಇದು ಸ್ವಲ್ಪ ಉದ್ದ ಆಗುತ್ತದೆ. ನಿದ್ದೆ ಬರುತ್ತಿಲ್ಲ, ಬರೆಯುತ್ತೇನೆ.

ನಾನು ಎರಡು ವರ್ಷ ರಿಪೀಟ್ ಮಾಡಿದೆ. ದಕ್ಷಿಣದ ಒಂದು ಊರಿನ ಹಾಸ್ಟೆಲ್. ಹೆಸರು ಬೇಡ. ಒಂದು ಕೋಣೆಯಲ್ಲಿ ಆರು ಜನ. ಬೆಳಿಗ್ಗೆ ಐದಕ್ಕೆ ಬೆಲ್. ಭಾನುವಾರ ಪರೀಕ್ಷೆ, ಸೋಮವಾರ ಗೋಡೆಗೆ ರ‍್ಯಾಂಕ್ ಪಟ್ಟಿ. ಮನೆಗೆ ಫೋನ್ ವಾರಕ್ಕೆ ಒಂದು ಸಲ, ಹತ್ತು ನಿಮಿಷ. ನನ್ನ ಮಂಚದ ಪಕ್ಕದ ಗೋಡೆಯಲ್ಲಿ ನನಗಿಂತ ಮೊದಲು ಇದ್ದ ಯಾರೋ ಪೆನ್ಸಿಲಿನಲ್ಲಿ ದಿನ ಎಣಿಸಿ ಗೆರೆ ಹಾಕಿದ್ದಳು. 200ರ ಹತ್ತಿರ ನಿಂತಿತ್ತು. ಅವಳು ಏನಾದಳು ಅಂತ ಯೋಚಿಸುತ್ತಾ ನಾನು ಎಷ್ಟೋ ರಾತ್ರಿ ಮಲಗಿದ್ದೇನೆ.

ಎರಡು ವರ್ಷ ಆದಮೇಲೂ ಸೀಟು ಸಿಗಲಿಲ್ಲ. ಬಂದು ಬಿಎಸ್‌ಸಿಗೆ ಸೇರಿದೆ. ಈಗ ಲ್ಯಾಬಿನಲ್ಲಿ ಕೆಲಸ, ಚೆನ್ನಾಗಿದ್ದೇನೆ. ಆದರೆ ನೋಡು, ಆ ಎರಡು ವರ್ಷವನ್ನು ನಮ್ಮ ಮನೆಯಲ್ಲಿ ಯಾರೂ "ಹಾಳಾಯಿತು" ಅನ್ನಲಿಲ್ಲ. "ಪ್ರಯತ್ನ ಮಾಡಿದಳು" ಅಂದರು. ಹಣ ಹೋಯಿತು, ವರ್ಷ ಹೋಯಿತು, ಸೀಟೂ ಬರಲಿಲ್ಲ. ಆದರೂ ಅದಕ್ಕೆ ಮರ್ಯಾದೆ ಇತ್ತು.

ನಮ್ಮ ಊರಲ್ಲಿ ವರ್ಷ ಬಿಡುವುದು ಹೊಸದಲ್ಲ. ನೀಟಿಗೆ ಬಿಡುತ್ತಾರೆ. ಸರ್ಕಾರಿ ಕೆಲಸದ ಪಿಎಸ್‌ಸಿ ರ‍್ಯಾಂಕ್ ಲಿಸ್ಟಿಗೆ ಕಾದು ಬಿಡುತ್ತಾರೆ. ಗಲ್ಫಿನ ವೀಸಾ ಬರುವವರೆಗೆ ಪೇಟೆಯಲ್ಲಿ ನಿಂತು ಬಿಡುತ್ತಾರೆ. ಅವೆಲ್ಲ ಕಾಯುವ ವರ್ಷಗಳು. ನೀನು ಕೇಳುತ್ತಿರುವುದು ನೀನೇ ಆರಿಸಿದ ವರ್ಷ. ಅಷ್ಟೇ ವ್ಯತ್ಯಾಸ. ಅಪ್ಪನಿಗೆ ಇದನ್ನೇ ಹೇಳಿ ನೋಡು.

ಕೋಚಿಂಗ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ನನ್ನ ಕೋಣೆಯ ಇಬ್ಬರಿಗೆ ಸೀಟು ಸಿಕ್ಕಿತು. ಅವರಿಗೆ ಡಾಕ್ಟರ್ ಆಗಲೇಬೇಕಿತ್ತು. ನಿನಗೆ ಬೇಕಾದ್ದು ಬೇರೆ ಅಂತ ನೀನೇ ಬರೆದಿದ್ದೀಯಾ.


ಉಪ್ಪಳದವ, ಈಗ ಶಾರ್ಜಾ
ಜೂನ್ 17, ಬೆಳಿಗ್ಗೆ 7:10

ಮೇಲಿನ ಅಕ್ಕ ಬರೆದದ್ದು ಸತ್ಯ. ನಾನು ವೀಸಾಕ್ಕೆ 14 ತಿಂಗಳು ಕಾದೆ. ಕಾಸರಗೋಡಿನಿಂದ ಆಚೆ ಹೋಗಲಿಲ್ಲ, ಏನೂ ಕಲಿಯಲಿಲ್ಲ. "ಇವತ್ತು ಬರಬಹುದು, ನಾಳೆ ಬರಬಹುದು" ಅಂತ ಫೋನ್ ನೋಡುತ್ತಿದ್ದೆ. ಈಗ ಇಲ್ಲಿ ವರ್ಷಕ್ಕೆ ಒಂದು ತಿಂಗಳ ರಜೆ. ಅದು ಮದುವೆ, ಮನೆ ರಿಪೇರಿ, ಆಸ್ಪತ್ರೆ ಅಂತಲೇ ಮುಗಿಯುತ್ತದೆ. ಹಂಪಿ ನೋಡಬೇಕು ಅಂತ ಎಂಟು ವರ್ಷದಿಂದ ಇದೆ. ನೋಡಿಲ್ಲ.

ಹಣದ ಬಗ್ಗೆ ಒಂದು ಮಾತು. 42 ಸಾವಿರವನ್ನೂ ಖರ್ಚು ಮಾಡಬೇಡ. 12 ಸಾವಿರ ಅಮ್ಮನ ಕೈಯಲ್ಲಿ ಇಟ್ಟು ಹೋಗು. ಎಲ್ಲಿಂದಾದರೂ ತಕ್ಷಣ ಮನೆಗೆ ಬರಬೇಕಾದರೆ ಆ ಹಣ. ಅದು ಇದೆ ಅಂತ ಗೊತ್ತಿದ್ದರೆ ಅಮ್ಮನಿಗೂ ನಿದ್ದೆ ಬರುತ್ತದೆ.

ಮತ್ತೆ, ಈ ವರ್ಷವೇ ಪಾಸ್‌ಪೋರ್ಟ್ ಮಾಡಿಸು. 1500 ರೂಪಾಯಿ. ಎಸ್‌ಎಸ್‌ಎಲ್‌ಸಿ ಪಾಸಾಗಿರುವುದರಿಂದ ಇಸಿಆರ್ (ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ಬೇಕಾದ ಸರ್ಕಾರಿ ಅನುಮತಿ) ತೊಂದರೆ ನಿನಗಿಲ್ಲ. ಹೊರದೇಶಕ್ಕೆ ಹೋಗುವುದಿಲ್ಲ ಅಂದರೂ ಮಾಡಿಸು. ನೇಪಾಳಕ್ಕೆ ಹೋಗುವ ಮನಸ್ಸಾದರೆ ಅಲ್ಲಿ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಸಾಕು.


ಬದಿಯಡ್ಕದ ನಿವೃತ್ತ ಮಾಷ್ಟ್ರು
ಜೂನ್ 17, ಬೆಳಿಗ್ಗೆ 10:32

ಮಗು, ಮೊದಲು ನಿಯಮದ ಮಾತು ಮುಗಿಸೋಣ. ಅದು ಸರಿಯಾದರೆ ಅಪ್ಪನ ಅರ್ಧ ಹೆದರಿಕೆ ಇಳಿಯುತ್ತದೆ.

ಪ್ಲಸ್ ಟು ಅಂಕ ಎಲ್ಲಿಗೂ ಹೋಗುವುದಿಲ್ಲ. ಮುಂದಿನ ವರ್ಷವೂ ಅದೇ ಅಂಕದಲ್ಲಿ ಡಿಗ್ರಿಗೆ ಅರ್ಜಿ ಹಾಕಬಹುದು. ನೀಟ್ ಅಂಕ ಮಾತ್ರ ಆ ವರ್ಷದ ಪ್ರವೇಶಕ್ಕೆ. ಮುಂದಿನ ವರ್ಷ ಬೇಕಾದರೆ ಮತ್ತೆ ಬರೆಯಬೇಕು. ಆದರೆ ನೀಟಿಗೆ ಗರಿಷ್ಠ ವಯಸ್ಸಿನ ಮಿತಿ ಇಲ್ಲ, ಇಷ್ಟೇ ಸಲ ಬರೆಯಬೇಕು ಅಂತಲೂ ಇಲ್ಲ. ಐಐಟಿಯ ಪರೀಕ್ಷೆ ಹಾಗಲ್ಲ, ಅಲ್ಲಿ ವರ್ಷಗಳ ಲೆಕ್ಕ ಇದೆ. ನಿನಗೆ ಅದು ಬೇಡ.

ಶಾಲೆಯಿಂದ ಟಿಸಿ, ನಡತೆ ಪತ್ರ ಎರಡನ್ನೂ ಈಗಲೇ ತೆಗೆದು ಫೈಲಿನಲ್ಲಿ ಇಡು. ಕೆಲವು ಕಾಲೇಜಿನವರು ಮಧ್ಯದ ವರ್ಷಕ್ಕೆ ಛಾಪಾ ಕಾಗದದಲ್ಲಿ ಅಫಿಡವಿಟ್ ಕೇಳುತ್ತಾರೆ. "ಈ ವರ್ಷ ಬೇರೆ ಯಾವ ಕೋರ್ಸಿಗೂ ಸೇರಿರಲಿಲ್ಲ" ಅಂತ ನೋಟರಿಯ ಹತ್ತಿರ ಮಾಡಿಸಿದರೆ ಆಯಿತು. ಹೆದರುವಂಥದ್ದು ಏನೂ ಇಲ್ಲ.

ಈಗ ಮುಖ್ಯ ವಿಷಯ. ನಿನಗೆ ಅಗ್ರಿಯೇ ಬೇಕು ಅಂದರೆ ಕೇರಳ ಒಂದೇ ದಾರಿಯಲ್ಲ. ಕರ್ನಾಟಕದಲ್ಲಿ ಬಿಎಸ್‌ಸಿ ಅಗ್ರಿಗೆ ನೀಟ್ ಬೇಡ. ಅಲ್ಲಿ ಸಿಇಟಿ. ಅದರಲ್ಲಿ ಗಡಿನಾಡ ಕನ್ನಡಿಗರಿಗೆ ಅಂತ ಪ್ರತ್ಯೇಕ ಅವಕಾಶ ಇದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕಿನ ಹೆಸರು ಅದರಲ್ಲಿದೆ. ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿರಬೇಕು, ಇಲ್ಲಿ ಇಷ್ಟು ವರ್ಷ ಓದಿರಬೇಕು ಅಂತ ನಿಯಮ. ಒಂದು ಕನ್ನಡ ಪರೀಕ್ಷೆಯನ್ನೂ ಬರೆಯಬೇಕು. ಹತ್ತರವರೆಗೆ ಕನ್ನಡದಲ್ಲೇ ಓದಿದ ನಿನಗೆ ಅದು ಏನೂ ಕಷ್ಟ ಅಲ್ಲ. ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದವರ ಮಾಹಿತಿ ಪುಸ್ತಕವನ್ನು ಒಂದೊಂದು ಸಾಲೂ ಬಿಡದೆ ಓದು. ನಮ್ಮ ಎಷ್ಟೋ ಮಕ್ಕಳು ಇದು ಗೊತ್ತಿಲ್ಲದೆ ಸೀಟು ಕಳೆದುಕೊಂಡಿದ್ದಾರೆ. ನಾನು ಕ್ಲಾಸಿನಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ. ಆದರೂ ಮೇ ತಿಂಗಳಲ್ಲಿ ಯಾರಾದರೊಬ್ಬರು ಮನೆಗೆ ಬಂದು "ಸರ್, ಅರ್ಜಿ ಹಾಕಲು ಇನ್ನು ಆಗುತ್ತದಾ" ಅಂತ ಕೇಳುತ್ತಿದ್ದರು. ಅಷ್ಟರಲ್ಲಿ ದಿನ ಮುಗಿದಿರುತ್ತಿತ್ತು.


ಮುಳ್ಳೇರಿಯದ ಹುಡುಗಿ
ಜೂನ್ 17, ಮಧ್ಯಾಹ್ನ 1:15

ಮಾಷ್ಟ್ರೇ, ಸಿಇಟಿಯ ಈ ವಿಷಯ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಪ್ಲಸ್ ಟುನಲ್ಲಿ ಯಾರೂ ಹೇಳಲಿಲ್ಲ. ಅಪ್ಪ ಊಟಕ್ಕೆ ಬಂದಾಗ ಓದಿ ಹೇಳಿದೆ. ಎರಡು ಸಲ ಓದಿಸಿದರು.

ಬಾಯಾರಿನ ಮಾವ, ನೀವು ಹೇಳಿದ್ದು ಸರಿ. ಎರಡನೆಯ ಸಲದ ಮದ್ದು ಮುಗಿಯುವವರೆಗೆ ಎಲ್ಲಿಗೂ ಹೋಗುವುದಿಲ್ಲ ಅಂತ ಅಪ್ಪನಿಗೆ ಇವತ್ತೇ ಹೇಳುತ್ತೇನೆ. ಸುಣ್ಣ ಕಲಸುವುದು, ಪೈಪ್ ಹಿಡಿಯುವುದು ನನಗೆ ಬರುತ್ತದೆ.


ಪೆರ್ಲದ ಅಮ್ಮ
ಜೂನ್ 17, ಮಧ್ಯಾಹ್ನ 3:40

ಎಲ್ಲರೂ ಕೋರ್ಸು, ಪಾಸ್‌ಪೋರ್ಟು ಅಂತ ಹೇಳುತ್ತಿದ್ದೀರಿ. ಹುಡುಗಿ ರಾತ್ರಿ ಎಲ್ಲಿ ಮಲಗುತ್ತಾಳೆ ಅಂತ ಯಾರೂ ಕೇಳಲಿಲ್ಲ. ನಾನು ಅಮ್ಮ, ನನಗೆ ಮೊದಲು ಬರುವ ಯೋಚನೆ ಅದೇ. ಒಬ್ಬಳೇ ಹೋಗುತ್ತೀಯಾ ಮಗಾ? ಜೊತೆಗೆ ಯಾರೂ ಇಲ್ವಾ? ನಿನ್ನ ಅಮ್ಮ ಏನೂ ಹೇಳದೆ ಅಪ್ಪನ ಕಡೆ ನೋಡಿದರು ಅಂದಿಯಲ್ಲ, ಅವರ ಮನಸ್ಸಿನಲ್ಲಿ ಇದೇ ಇರುತ್ತದೆ. ಬಾಯಿ ಬಿಟ್ಟು ಹೇಳಿದರೆ ನಿನ್ನ ಆಸೆಗೆ ಅಡ್ಡ ಬಂದ ಹಾಗೆ ಆಗುತ್ತದೆ ಅಂತ ಸುಮ್ನೆ ಇದ್ದಾರೆ.


ಒಬ್ಬಳೇ ಹೋದವಳು, ನೀಲೇಶ್ವರ
ಜೂನ್ 17, ರಾತ್ರಿ 9:02

ಪೆರ್ಲದ ಅಮ್ಮಾ, ನೀವು ಕೇಳಿದ್ದು ಒಳ್ಳೆಯದಾಯಿತು. ನಾನು 2023ರಲ್ಲಿ ಡಿಗ್ರಿ ಆದಮೇಲೆ 41 ದಿನ ಒಬ್ಬಳೇ ಹೋಗಿದ್ದೆ. 27 ಸಾವಿರ ಖರ್ಚಾಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಕೆಟ್ಟದ್ದು ಮೊದಲು. ಒಂದು ಊರಿನ ಲಾಡ್ಜಿನಲ್ಲಿ ರಾತ್ರಿ ಹನ್ನೊಂದೂವರೆಗೆ ಬಾಗಿಲು ಬಡಿದರು. "ನೀರು ಬೇಕಾ" ಅಂತ. ಬೇಡ ಅಂದೆ. ಹತ್ತು ನಿಮಿಷ ಬಿಟ್ಟು ಮತ್ತೆ ಬಡಿದರು. ಮೇಜನ್ನು ಬಾಗಿಲಿಗೆ ಒತ್ತಿಟ್ಟು 112ಕ್ಕೆ ಫೋನ್ ಮಾಡಿದೆ. ಪೊಲೀಸರು ಬಂದರು. ಲಾಡ್ಜಿನವನು ಕ್ಷಮೆ ಕೇಳಿದ. ನಾನು ಬೆಳಗಾಗುವವರೆಗೆ ಮಂಚದ ಮೇಲೆ ಚಪ್ಪಲಿ ಹಾಕಿಕೊಂಡೇ ಕೂತಿದ್ದೆ. ಅವತ್ತು ಮನೆಗೆ ವಾಪಸ್ ಹೋಗಬೇಕು ಅಂತ ಅನಿಸಿದ್ದು ನಿಜ.

ಹೋಗಲಿಲ್ಲ. ಅವತ್ತಿನಿಂದ ನನ್ನ ಕ್ರಮ ಬದಲಾಯಿತು. ಹೊಸ ಊರಿಗೆ ಕತ್ತಲೆಯಾಗುವ ಮೊದಲೇ ತಲುಪುವುದು. ಅದಕ್ಕೆ ಸರಿಯಾಗಿ ರೈಲು ಆರಿಸುವುದು. ಒಂಟಿ ಕೋಣೆಗಿಂತ ಹೆಂಗಸರ ಡಾರ್ಮಿಟರಿ ಮೇಲು, ಯಾಕೆಂದರೆ ಅಲ್ಲಿ ಇನ್ನೂ ನಾಲ್ಕು ಜನ ಇರುತ್ತಾರೆ. ರಾತ್ರಿ ರೈಲಿನಲ್ಲಿ ಮೇಲಿನ ಬರ್ತ್. ಏನಾದರೂ ಆದರೆ ರೈಲ್ವೆ ಸಹಾಯವಾಣಿ 139. ಒಬ್ಬಳೇ ಹೋಗುವ ಹೆಂಗಸರನ್ನು ವಿಚಾರಿಸಲು ರೈಲ್ವೆ ರಕ್ಷಣಾ ಪಡೆಯವರ (ಆರ್‌ಪಿಎಫ್) "ಮೇರಿ ಸಹೇಲಿ" ಅಂತ ವ್ಯವಸ್ಥೆ ಇದೆ. ನನ್ನ ಹತ್ತಿರ ಎರಡು ಸಲ ಬಂದು ಸೀಟ್ ನಂಬರ್ ಬರೆದುಕೊಂಡು ಹೋದರು. ಸಂಜೆ ಏಳಕ್ಕೆ ಅಮ್ಮನಿಗೆ ಫೋನ್. ಎಲ್ಲಿದ್ದರೂ ಏಳಕ್ಕೆ.

ಇನ್ನು ಒಳ್ಳೆಯದು. ಹೇಳುವುದು ತುಂಬಾ ಇದೆ, ಒಂದು ಮಾತ್ರ ಹೇಳುತ್ತೇನೆ. ಸೊಲ್ಲಾಪುರದಲ್ಲಿ ಇಳಿದೆ. ಅಕ್ಕಲಕೋಟೆಗೆ ಬಸ್ ಎಲ್ಲಿ ಅಂತ ನನ್ನ ಹರಕು ಹಿಂದಿಯಲ್ಲಿ ಕೇಳುತ್ತಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಮಾರುತ್ತಿದ್ದ ಒಬ್ಬ ಅಜ್ಜಿ ತಲೆ ಎತ್ತಿ, "ಎಲ್ಲಿಗಿ ಹೊಂಟಿ ತಂಗಿ?" ಅಂದರು. ನನಗೆ ಮೈ ಜುಂ ಅಂತು. ಮನೆಯಿಂದ ಅಷ್ಟು ದೂರ, ಮಹಾರಾಷ್ಟ್ರದಲ್ಲಿ, ಕನ್ನಡ! ಅವರ ಪಕ್ಕದಲ್ಲೇ ಕೂತೆ. ಕಾಸರಗೋಡು ಅಂದೆ, ಅವರಿಗೆ ಗೊತ್ತಿರಲಿಲ್ಲ. ಕೇರಳ ಅಂದೆ. "ಮತ್ತ ಕನ್ನಡ ಹೆಂಗ ಬರ್ತದ?" ಅಂತ ಕೇಳಿದರು. ಆಮೇಲೆ ಸ್ವಲ್ಪ ಹೊತ್ತು ಕೇಳಿಸಿಕೊಂಡು, "ನಿನ್ನ ಕನ್ನಡ ಪುಸ್ತಕದಾಗಿಂದು ಇದ್ದಂಗ ಐತಿ" ಅಂದರು. ಬಸ್ ಬಂದಾಗ ಕಾಗದದ ಪೊಟ್ಟಣದಲ್ಲಿ ಶೇಂಗಾ ಕಟ್ಟಿಕೊಟ್ಟರು. ಹಣ ತೆಗೆದುಕೊಳ್ಳಲಿಲ್ಲ.

ತಂಗಿ, ನಿನಗೆ ಕಲೋತ್ಸವದಲ್ಲಿ ಆ ಹುಡುಗಿ ಕೇಳಿದಳಲ್ಲ, ಮತ್ತೆ ಯಾಕೆ ಕನ್ನಡ ಅಂತ. ಆ ಅಜ್ಜಿ ಕೇಳಿದ್ದೂ ಅದನ್ನೇ. ಆದರೆ ಅವರ ಬಾಯಲ್ಲಿ ಅದು ಎಷ್ಟು ಬೇರೆ ಥರ ಇತ್ತು!


ಬದಿಯಡ್ಕದ ನಿವೃತ್ತ ಮಾಷ್ಟ್ರು
ಜೂನ್ 18, ಬೆಳಿಗ್ಗೆ 6:25

ನೀಲೇಶ್ವರದ ತಂಗಿ ಬರೆದದ್ದು ಓದಿ ಬೆಳಿಗ್ಗೆ ಬೇಗ ಎದ್ದೆ. ಒಂದು ಯೋಚನೆ ಬಂತು, ಹೇಳಿಬಿಡುತ್ತೇನೆ.

ಹಿಮಾಲಯಕ್ಕೆ ಹೋಗುವವರು ತುಂಬಾ ಜನ ಇದ್ದಾರೆ. ನೀನು ಗಡಿಯನ್ನೇ ಸುತ್ತು. ಮಹಾರಾಷ್ಟ್ರದಲ್ಲಿ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಸಾಂಗ್ಲಿ ಜಿಲ್ಲೆಯ ಜತ್ತ. ಆಂಧ್ರದಲ್ಲಿ ಆದೋನಿ, ರಾಯದುರ್ಗ, ಮಡಕಶಿರಾ. ತಮಿಳುನಾಡಿನಲ್ಲಿ ಹೊಸೂರು, ಈರೋಡ್ ಜಿಲ್ಲೆಯ ತಾಳವಾಡಿ. ಇಲ್ಲೆಲ್ಲ ನಮ್ಮ ಹಾಗೆಯೇ ಮನೆಯಲ್ಲಿ ಒಂದು ಭಾಷೆ, ಆಫೀಸಿನಲ್ಲಿ ಇನ್ನೊಂದು ಭಾಷೆ ಇಟ್ಟುಕೊಂಡು ಬದುಕುವ ಜನ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ವರದಿ ಕೊಟ್ಟಿತು. ಅಕ್ಕಲಕೋಟೆ, ಜತ್ತದ ಕೆಲವು ಭಾಗಗಳ ಹೆಸರೂ ಅದರಲ್ಲಿ ಇತ್ತು. ವರದಿ ಹಾಗೇ ಉಳಿಯಿತು. ನಾನು ಮೂವತ್ತು ವರ್ಷ ಅದನ್ನು ಪಾಠದಲ್ಲಿ ಹೇಳಿದೆ. ಆ ಊರುಗಳನ್ನು ಒಂದು ಸಲವೂ ನೋಡಲಿಲ್ಲ. ಅದು ನನಗೆ ಇವತ್ತಿಗೂ ಕೊರತೆಯೇ.

ಅಲ್ಲಿ ಕನ್ನಡ ಶಾಲೆಗಳಿವೆ. ಹೋಗಿ ಮಕ್ಕಳ ಜೊತೆ ಕೂರು. ಅವರು ಏನು ಓದುತ್ತಾರೆ, ಓದಿ ಎಲ್ಲಿಗೆ ಹೋಗುತ್ತಾರೆ ಅಂತ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆ.


ಮಂಜೇಶ್ವರದ ಹಳೆ ಬುಕಿಂಗ್ ಕ್ಲರ್ಕ್
ಜೂನ್ 18, ಬೆಳಿಗ್ಗೆ 11:00

ರೈಲ್ವೆಯಲ್ಲಿ ಟಿಕೆಟ್ ಕೊಟ್ಟೇ ನಿವೃತ್ತಿಯಾದವನು ನಾನು. ಜನರಿಗೆ ಗೊತ್ತಿಲ್ಲದ ಒಂದು ಟಿಕೆಟ್ ಇದೆ. ಸರ್ಕ್ಯುಲರ್ ಜರ್ನಿ ಟಿಕೆಟ್. ಹೊರಟ ಸ್ಟೇಷನ್ನಿಗೇ ವಾಪಸ್ ಬರುವ ಹಾಗೆ ಒಂದು ಸುತ್ತಿನ ದಾರಿ ಬರೆದು ಕೊಡಬೇಕು. ಮಧ್ಯದಲ್ಲಿ ಎಂಟು ಕಡೆ ಇಳಿಯಬಹುದು. ದೂರ ಜಾಸ್ತಿ ಆದ ಹಾಗೆ ಕಿಲೋಮೀಟರಿಗೆ ಬೀಳುವ ದರ ಕಡಿಮೆ ಆಗುತ್ತದೆ. ಆದ್ದರಿಂದ ಬೇರೆ ಬೇರೆ ಟಿಕೆಟ್ ತೆಗೆಯುವುದಕ್ಕಿಂತ ಅಗ್ಗ. ಆನ್‌ಲೈನಿನಲ್ಲಿ ಇದು ಸಿಗುವುದಿಲ್ಲ. ನಮ್ಮದು ಪಾಲಕ್ಕಾಡ್ ಡಿವಿಷನ್. ಕಾಸರಗೋಡು ಸ್ಟೇಷನ್ನಿನಲ್ಲಿ ಮೊದಲೇ ವಿಚಾರಿಸು, ದಾರಿ ಲೆಕ್ಕ ಹಾಕಲು ಅವರಿಗೂ ಸಮಯ ಬೇಕು. ಆಮೇಲೆ ಒಂದೊಂದು ತುಂಡಿಗೂ ಬರ್ತ್ ಕಾದಿರಿಸಬೇಕು. 2024ರ ನವೆಂಬರಿನಿಂದ ಮುಂಗಡ ಕಾದಿರಿಸುವುದು 60 ದಿನ ಮೊದಲು ಮಾತ್ರ. ಅದನ್ನು ಮರೆಯಬೇಡ.

ಮಾಷ್ಟ್ರು ಹೇಳಿದ ಊರುಗಳಿಗೆ ಹೀಗೆ ದಾರಿ ಮಾಡಬಹುದು. ಕಾಸರಗೋಡಿನಿಂದ ಕೊಂಕಣದಲ್ಲಿ ಮೇಲಕ್ಕೆ ಹೋಗಿ, ಪುಣೆ ದಾಟಿ ಸೊಲ್ಲಾಪುರ. ಅಲ್ಲಿಂದ ಗುಂತಕಲ್ ಕಡೆಗೆ ಬರುವಾಗ ದಾರಿಯಲ್ಲೇ ಆದೋನಿ ಸಿಗುತ್ತದೆ. ಆಮೇಲೆ ಬೆಂಗಳೂರು, ಸೇಲಂ, ಈರೋಡ್, ಶೊರ್ನೂರು, ಕಾಸರಗೋಡು. ಸುತ್ತು ಪೂರ್ತಿ ಆಯಿತು ನೋಡು. ತಾಳವಾಡಿಗೆ ರೈಲಿಲ್ಲ. ಬಸ್ಸಿನಲ್ಲಿ ಕಾಡು ದಾಟಿ ಹೋಗಬೇಕು. ಚಾಮರಾಜನಗರದ ಕಡೆಯಿಂದ ಹತ್ತಿರ.

ಕೊಂಕಣದ ದಾರಿಗೆ ಮಳೆಗಾಲದಲ್ಲಿ ಬೇರೆ ಟೈಮ್‌ಟೇಬಲ್ ಇರುತ್ತದೆ. ರೈಲು ನಿಧಾನವಾಗಿ ಹೋಗುತ್ತದೆ. ಆದರೆ ಹಸಿರು ನೋಡಬೇಕಾದರೆ ಅದೇ ಹೊತ್ತು. ಹಗಲಿನಲ್ಲಿ ಹೋಗು.


ಕುಂಬಳೆಯ ಚೆಂಡೆಯವ
ಜೂನ್ 18, ರಾತ್ರಿ 8:30

ನನಗೆ ಒಂದು ಮಾತು ಹೇಳಬೇಕು ಅನಿಸಿತು. ಇಲ್ಲಿ ಎಲ್ಲರೂ ತಿರುಗಾಟ ಅನ್ನುವ ಶಬ್ದವನ್ನು ಸ್ವಲ್ಪ ಹೆದರಿ ಬಳಸುತ್ತಿದ್ದಾರೆ. ನಮಗೆ ಯಕ್ಷಗಾನದವರಿಗೆ ತಿರುಗಾಟ ಅಂದರೆ ಕೆಲಸ. "ನಿಮ್ಮದು ಎಷ್ಟನೆಯ ತಿರುಗಾಟ?" ಅಂತಲೇ ನಾವು ಕೇಳುವುದು. ದೀಪಾವಳಿ ಕಳೆದು ಹೊರಟರೆ ಮೇ ಕೊನೆಯ ಹೊತ್ತಿನ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ದಿನಕ್ಕೊಂದು ಊರು.

ನಾನು 19ನೆಯ ವಯಸ್ಸಿನಲ್ಲಿ ಯಕ್ಷಗಾನ ಮೇಳಕ್ಕೆ ಹೋದೆ. ಮೊದಲ ವರ್ಷ ಚೆಂಡೆ ಮುಟ್ಟಲು ಸಿಕ್ಕಿದ್ದು ಪೂರ್ವರಂಗದಲ್ಲಿ ಸ್ವಲ್ಪ ಹೊತ್ತು. ಉಳಿದ ಹೊತ್ತು ಸಾಮಾನು ಹೊರುವುದು, ಬಣ್ಣ ಹಚ್ಚುವ ಚೌಕಿಯಲ್ಲಿ ಚಾಪೆ ಹಾಸುವುದು. ಒಂದು ರಾತ್ರಿ ಆಟದ ಮಧ್ಯೆ ಹನಿ ಮಳೆ ಬಂತು. ಚೆಂಡೆಯ ಚರ್ಮ ಸಡಿಲವಾಗಿ ಸ್ವರವೇ ಸತ್ತುಹೋಯಿತು. ಹಿರಿಯರು ಏನೂ ಮಾತಾಡದೆ ನನ್ನ ಕೈಗೆ ಹಗ್ಗ ಕೊಟ್ಟರು. ಇಬ್ಬರೂ ಸೇರಿ ಎಳೆದೆವು. ಅಂಗೈ ಹರಿದು ರಕ್ತ ಬಂತು. ಸ್ವರ ಬಂದಾಗ ಅವರು ತಲೆ ಆಡಿಸಿದರು, ಅಷ್ಟೇ. ಕಾಲೇಜಿನಲ್ಲಿ ಯಾವ ಸರ್ಟಿಫಿಕೇಟ್ ಸಿಕ್ಕಾಗಲೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ.

ತಂಗಿಗೆ ನನ್ನ ಮಾತು ಇಷ್ಟೇ. ಸುಮ್ನೆ ನೋಡಿಕೊಂಡು ಬರಬೇಡ. ಹೋದ ಕಡೆ ಕೈಯಿಂದ ಮಾಡುವ ಒಂದು ಕೆಲಸ ಹುಡುಕು.


ನೀರ್ಚಾಲಿನ ರಂಗದವ
ಜೂನ್ 18, ರಾತ್ರಿ 9:15

ಇವರ ಮಾತಿಗೆ ಒಂದು ಸೇರಿಸುತ್ತೇನೆ. ಒಂದು ವರ್ಷ ಪೂರ್ತಿ ಒಂದೇ ಕಡೆ ಇರಬೇಕು ಅನಿಸಿದರೆ ಹೆಗ್ಗೋಡಿನ ನೀನಾಸಂ ಇದೆ. ಸಾಗರ ತಾಲೂಕು. ಅಲ್ಲಿನ ರಂಗಶಿಕ್ಷಣ ಕೇಂದ್ರ 1980ರಲ್ಲಿ ಶುರುವಾದದ್ದು. ಹತ್ತು ತಿಂಗಳ ಕೋರ್ಸು, ಅಲ್ಲೇ ಊಟ, ಅಲ್ಲೇ ವಾಸ. ಕಸ ಗುಡಿಸುವುದರಿಂದ ಹಿಡಿದು ಬೆಳಕು ಹಾಕುವವರೆಗೆ ಎಲ್ಲ ಕೆಲಸವನ್ನೂ ಮಾಡಬೇಕು. ಅವರ ನಾಟಕ ತಂಡದ ಹೆಸರೂ ತಿರುಗಾಟವೇ, 1985ರಿಂದ ಇದೆ. ಅಗ್ರಿ ಓದುವವರಿಗೆ ಇದು ಯಾಕೆ ಅಂತ ಕೇಳಬಹುದು. ನಮ್ಮ ಬ್ಯಾಚಿನಲ್ಲಿ ಇದ್ದ ಒಬ್ಬ ಈಗ ಪೂರ್ತಿ ಕೃಷಿಕ. ಊರಿನ ಸಭೆಯಲ್ಲಿ ಮಾತಾಡಲು ಅವನೇ ಬೇಕು ಎಲ್ಲರಿಗೂ.


ಬಾಯಾರಿನ ತೋಟದವ
ಜೂನ್ 19, ಬೆಳಿಗ್ಗೆ 6:50

ಎಲ್ಲವನ್ನೂ ಓದಿದೆ. ರಿಪೀಟ್ ಮಾಡಿದ ಮಗಳು ಗೋಡೆಯ ಗೆರೆಗಳ ಬಗ್ಗೆ ಬರೆದದ್ದು ರಾತ್ರಿ ಇಡೀ ತಲೆಯಲ್ಲಿತ್ತು. ನನ್ನ ದೊಡ್ಡ ಮಗಳೂ ಅಂಥ ಕಡೆ ಒಂದು ವರ್ಷ ಇದ್ದಳು. ನಾನು ಒಂದು ದಿನವೂ "ಹೇಗಿದ್ದೀಯಾ" ಅಂತ ಸರಿಯಾಗಿ ಕೇಳಿರಲಿಲ್ಲ. ಅಂಕ ಎಷ್ಟು ಬಂತು ಅಂತ ಮಾತ್ರ ಕೇಳುತ್ತಿದ್ದೆ. ನಿನ್ನೆ ಫೋನ್ ಮಾಡಿ ಕೇಳಿದೆ.

ಆದರೂ ನನ್ನ ಒಂದು ಮಾತನ್ನು ಬಿಡುವುದಿಲ್ಲ. ಮುಗಿಯುವ ದಿನ ಗೊತ್ತಿರಬೇಕು. ಹೊರಡುವ ಮೊದಲೇ ಒಂದು ಕಾಗದದಲ್ಲಿ ಬರೆದು ಅಪ್ಪನ ಕೈಗೆ ಕೊಡು. ಇಂಥ ದಿನ ಬರುತ್ತೇನೆ, ಇಂಥ ತಿಂಗಳಲ್ಲಿ ಸಿಇಟಿಗೆ ಅರ್ಜಿ ಹಾಕುತ್ತೇನೆ ಅಂತ. ನನ್ನ ತಮ್ಮನಿಗೆ ಅದು ಇರಲಿಲ್ಲ.


ಮುಳ್ಳೇರಿಯದ ಹುಡುಗಿ
ಜೂನ್ 21, ರಾತ್ರಿ 10:10

ನಿನ್ನೆ ರಾತ್ರಿ ಊಟ ಆದಮೇಲೆ ಮಾತಾಡಿದೆ. ಬಾಯಾರಿನ ಮಾವ ಹೇಳಿದ ಹಾಗೆ ಕಾಗದದಲ್ಲಿ ಬರೆದೇ ಕೊಟ್ಟೆ. ಜುಲೈ ಕೊನೆಯವರೆಗೆ ಮನೆ, ಮದ್ದಿನ ಕೆಲಸ. ಆಗಸ್ಟಿನಲ್ಲಿ ಆಟಿ ತಿಂಗಳು ಕಳೆದಮೇಲೆ ಸಿಇಟಿಯ ಓದು ಶುರು, ದಿನಕ್ಕೆ ಮೂರು ಗಂಟೆ, ಪ್ರಯಾಣದಲ್ಲೂ ಬಿಡುವುದಿಲ್ಲ. ಸೆಪ್ಟೆಂಬರ್ ಕೊನೆಗೆ ಹೊರಟು ನವೆಂಬರ್ ಮೊದಲ ವಾರ ವಾಪಸ್. ಅಡಿಕೆ ಕೊಯ್ಲಿಗೆ ಮನೆಯಲ್ಲಿ ಇರುತ್ತೇನೆ. ಆಮೇಲೆ ಅರ್ಜಿ, ಪರೀಕ್ಷೆ.

ಅಪ್ಪ ಕನ್ನಡಕ ಹಾಕಿ ಓದಿದರು. ಜತ್ತ ಎಲ್ಲಿದೆ ಅಂತ ಕೇಳಿದರು. ಫೋನಿನಲ್ಲಿ ನಕ್ಷೆ ತೆಗೆದು ತೋರಿಸಿದೆ. ಬೆರಳಲ್ಲಿ ದೊಡ್ಡದು ಮಾಡಿ, ಸುತ್ತಲಿನ ಊರುಗಳ ಹೆಸರನ್ನೆಲ್ಲ ಓದುತ್ತಾ ಕೂತರು. ಹೌದು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಕಾಗದವನ್ನು ಮಡಚಿ ತೋಟದ ಲೆಕ್ಕದ ಪುಸ್ತಕದ ಒಳಗೆ ಇಟ್ಟರು. ಆ ಪುಸ್ತಕದಲ್ಲಿ ಬೇಡದ್ದು ಏನನ್ನೂ ಅವರು ಇಡುವುದಿಲ್ಲ.

ಅಮ್ಮ ಒಂದೇ ಕೇಳಿದರು. ಏಳು ಗಂಟೆಗೆ ಫೋನ್ ಮಾಡುತ್ತೀಯಲ್ಲ ಅಂತ. ನೀಲೇಶ್ವರದ ಅಕ್ಕ ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದ್ದೆ.


ಪೆರ್ಲದ ಅಮ್ಮ
ಜೂನ್ 21, ರಾತ್ರಿ 10:40

ಹೋಗಿ ಬಾ ಮಗಾ. ಒಂದು ಟಾರ್ಚ್ ಇಟ್ಟುಕೋ. ಫೋನಿನದ್ದು ಸಾಲದು.


ಮುಳ್ಳೇರಿಯದ ಹುಡುಗಿ
ಅಕ್ಟೋಬರ್ 9, ರಾತ್ರಿ 8:05

ಎಲ್ಲರಿಗೂ ನಮಸ್ಕಾರ. ಅಕ್ಕಲಕೋಟೆಯಿಂದ ಬರೆಯುತ್ತಿದ್ದೇನೆ. ಹೊರಟು ಹನ್ನೆರಡು ದಿನ ಆಯಿತು.

ಇಲ್ಲಿ ಹತ್ತಿರದ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ನಾಲ್ಕು ದಿನದಿಂದ ಹೋಗಿ ಕೂರುತ್ತಿದ್ದೇನೆ. ಟೀಚರ್ ಮನೆಯಲ್ಲೇ ಇದ್ದೇನೆ. ಬೆಳಿಗ್ಗೆ ಅವರ ಅತ್ತೆಯ ಜೊತೆ ರೊಟ್ಟಿ ತಟ್ಟುತ್ತೇನೆ. ಮೊದಲ ದಿನ ನನ್ನದು ಎರಡು ತುಂಡಾಯಿತು. ಹಿಟ್ಟಿಗೆ ಹಾಕುವ ನೀರು ಕುದಿಯಬೇಕು ಅಂತ ಅತ್ತೆ ಕೈ ಹಿಡಿದು ತೋರಿಸಿದರು. ಈಗ ಐದರಲ್ಲಿ ಮೂರು ಗುಂಡಗೆ ಬರುತ್ತವೆ.

ಶಾಲೆಯಲ್ಲಿ ಏಳನೆಯ ಕ್ಲಾಸಿನ ಮಕ್ಕಳಿಗೆ ಕಲೋತ್ಸವದ ಪದ್ಯ ಹೇಳಿದೆ. ಒಬ್ಬ ಹುಡುಗ ಎದ್ದು ನಿಂತು, "ಅಕ್ಕಾ, ನಿಮ್ಮೂರಾಗ ಕನ್ನಡ ಓದಿದ್ರ ಮುಂದ ಎಲ್ಲಿ ಹೋಗ್ತಾರ?" ಅಂತ ಕೇಳಿದ. ಅವನ ಅಣ್ಣ ಹತ್ತು ಮುಗಿಸಿ ಪುಣೆಯಲ್ಲಿ ಕೆಲಸಕ್ಕೆ ಹೋಗಿದ್ದಾನಂತೆ. ನಾನು ಸಿಇಟಿಯ ಗಡಿನಾಡ ಅವಕಾಶದ ಬಗ್ಗೆ ಹೇಳಿದೆ. ಆ ಪಟ್ಟಿಯಲ್ಲಿ ಅಕ್ಕಲಕೋಟೆಯೂ ಇದೆ. ಟೀಚರಿಗೆ ಗೊತ್ತಿತ್ತು, ಮಕ್ಕಳಿಗೆ ಗೊತ್ತಿರಲಿಲ್ಲ. ಮಾಷ್ಟ್ರೇ, ನಿಮ್ಮ ಮಾತನ್ನು ಹಾಗೇ ಬೋರ್ಡಿನಲ್ಲಿ ಬರೆದೆ. ಎಲ್ಲರೂ ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡರು.

ಸೊಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಅಜ್ಜಿಯನ್ನು ಹುಡುಕಿದೆ. ಸಿಗಲಿಲ್ಲ. ಆ ಜಾಗದಲ್ಲಿ ಬೇರೆಯವರು ಇದ್ದರು. ನೀಲೇಶ್ವರದ ಅಕ್ಕಾ, ವಾಪಸ್ ಹೋಗುವಾಗ ಮತ್ತೆ ನೋಡುತ್ತೇನೆ.

ಅಪ್ಪ ಮೊನ್ನೆ ಫೋನಿನಲ್ಲಿ ಇಲ್ಲಿನ ಮಣ್ಣು ಹೇಗಿದೆ ಅಂತ ಕೇಳಿದರು. ಕಪ್ಪು ಮಣ್ಣು, ಒದ್ದೆಯಾದರೆ ಚಪ್ಪಲಿ ಬಿಡುವುದಿಲ್ಲ ಅಂದೆ. ಏನು ಬೆಳೆಯುತ್ತಾರೆ, ನೀರು ಎಷ್ಟು ಆಳದಲ್ಲಿದೆ ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಮರುದಿನ ಟೀಚರ ಗಂಡನ ಜೊತೆ ಹೊಲಕ್ಕೆ ಹೋಗಿ ಕೇಳಿ ಬಂದೆ. ಈಗ ದಿನಾ ಏಳು ಗಂಟೆಗೆ ಅಮ್ಮನ ನಂತರ ಅಪ್ಪ ಫೋನ್ ತೆಗೆದುಕೊಳ್ಳುತ್ತಾರೆ. ಅವರಿಗೆ ಅಂತಲೇ ನೋಟ್‌ಬುಕ್ಕಿನಲ್ಲಿ ಬೇರೆ ಪುಟ ಮಾಡಿದ್ದೇನೆ. ಮಣ್ಣು, ನೀರು, ಬೆಳೆ, ಕೂಲಿ.

ನಾಡಿದ್ದು ಜತ್ತಕ್ಕೆ ಹೊರಡುತ್ತೇನೆ. ಆಮೇಲೆ ಆದೋನಿ, ರಾಯದುರ್ಗ, ಮಡಕಶಿರಾ. ತಾಳವಾಡಿಯಲ್ಲಿ ಯಾರಾದರೂ ಪರಿಚಯದವರು ಇದ್ದೀರಾ? ಒಂದು ವಾರ ಇರಲು ಹೆಂಗಸರಿರುವ ಮನೆ ಬೇಕಿತ್ತು. ಕೆಲಸ ಯಾವುದಾದರೂ ಮಾಡುತ್ತೇನೆ.